ಉಡಿಯಕ್ಕಿ ಕೂಲಿಯಾದ ದಿನ

ನಾದಿನಿಯನ್ನು ಹಗಲಿರುಳು ನೋಡಿಕೊಳ್ಳುತ್ತಿದ್ದ ನಿಂಬೆವ್ವನನ್ನು ನಾಲ್ಕು ಜನರ ಮುಂದೆ ಕಳ್ಳಿ ಎಂದು ಕರೆದರು.

ಊರು ಯಾವುದೆಂದು ಕೇಳಬೇಡಿ, ನಿಮ್ಮದೇ ಇರಬಹುದು. ಅಲ್ಲೊಬ್ಬ ಸಾಹುಕಾರನಿದ್ದ. ದಾನಿ, ನೋಡಿ! ಮನೆಯಲ್ಲಿ ಹಾಸಿಗೆ ಹಿಡಿದವರ ಸೇವೆ ಮಾಡುವವರಿಗೆ ತಿಂಗಳಿಗೊಮ್ಮೆ ಜೋಳ ಅಳೆದು ಕೊಡಿಸುತ್ತಿದ್ದ. ಕರಾರು ಒಂದೇ: ಜೋಳ ಒಯ್ಯುವವರು ಬೇರೆ ದುಡಿಮೆ ಮಾಡಬಾರದು.

ನಿಂಬೆವ್ವನ ನಾದಿನಿ ಗುರವ್ವ ಹುಣಸೆಮರದಿಂದ ಬಿದ್ದು ಬೆನ್ನು ಮುರಿದುಕೊಂಡವಳು. ಕಾಲು ಸತ್ತಿದ್ದವು, ನಾಲಿಗೆ ಸತ್ತಿರಲಿಲ್ಲ. ನಿಂಬೆವ್ವನ ಗಂಡ ಕುರಿ ಹಿಂಡಿನ ಹಿಂದೆ ಊರೂರು ತಿರುಗುವವನು. ಹಾಗಾಗಿ ಉಣಿಸುವುದು, ಒರೆಸುವುದು, ಹೊರಳಿಸುವುದು, ಎಲ್ಲ ಅವಳದೇ ಕೈ. ಹೊರಳಿಸದೆ ಬಿಟ್ಟರೆ ಬೆನ್ನೆಲ್ಲ ಹುಣ್ಣು.

"ಮೆತ್ತಗ ಹೊಳ್ಳಿಸು ವೈನಿ, ನಾನೇನು ಜ್ವಾಳದ ಚೀಲ ಅಲ್ಲ."

"ಚೀಲ ಆಗಿದ್ರ ಚಲೋ ಇತ್ತವಾ, ಬಾಯಿ ಹೊಲಿದು ಇಡ್ತಿದ್ದೆ."

ಆ ಮನೆಯಲ್ಲಿ ನೋವಿತ್ತು. ನಗೆಗೂ ಬರವಿರಲಿಲ್ಲ.

ನಿಂಬೆವ್ವನಿಗೆ ಒಳ್ಳೆಯ ಕಂಠ. ಓಣಿಯಲ್ಲಿ ಮದುವೆಯೋ ತೊಟ್ಟಿಲೋ ಬಂದರೆ ನೆರೆಯವಳನ್ನು ಗುರವ್ವನ ಬಳಿ ಕೂರಿಸಿ, ಓಡಿಹೋಗಿ ಸೋಬಾನೆ ಹಾಡಿ ಬರುತ್ತಿದ್ದಳು. ಹೆಂಗಸರು ಅವಳಿಗೆ ಉಡಿ ತುಂಬುತ್ತಿದ್ದರು: ಅಕ್ಕಿ, ಕೊಬ್ಬರಿ ಬಟ್ಟಲು, ಕುಪ್ಪಸದ ಖಣ. ಮುತ್ತೈದೆಯನ್ನು ಬರಿ ಉಡಿಯಲ್ಲಿ ಕಳಿಸುವ ಮನೆ ಎಲ್ಲಾದರೂ ಉಂಟೇ?

ಮೂರು ವರ್ಷ ಕಳೆದವು. ಸಾಹುಕಾರನ ಲೆಕ್ಕ ಬರೆಯುವ ಕಾರಕೂನನಿಗೆ ಒಂದು ದಿನ ಜ್ಞಾನೋದಯವಾಯಿತು.

"ಹಾಡೂದು ದುಡಿಮಿ, ಉಡಿ ಅಂದ್ರ ಕೂಲಿ. ಕರಾರು ಮುರದಿ. ಒಯ್ದ ಜ್ವಾಳ ಅಷ್ಟೂ ತಿರುಗಿ ಹಾಕು."

"ತಿಂದ ಜ್ವಾಳ ಎಲ್ಲಿಂದ ತರ್ಲಿ ಯಪ್ಪಾ?"

"ಕೂಲಿಗೆ ಹೋಗು. ದುಡದು ತೀರಿಸು."

ಕೇಳಿದಿರಾ? ದುಡಿಯಬೇಡವೆಂದು ಕೊಟ್ಟ ಜೋಳ. ಅದನ್ನು ತೀರಿಸಲು ದುಡಿಯಲು ಹೋಗಬೇಕು! ಗುರವ್ವನನ್ನು ಹೊರಳಿಸುವವರು ಯಾರು? ಕಾರಕೂನ ಬರುತ್ತಾನೆಯೇ? ತಿಂಗಳು ತಿಂಗಳು ಜೋಳ ಅಳೆದವನು ಅವನೇ. ಮದುವೆಯಲ್ಲಿ ಹೋಳಿಗೆ ಮೆಲ್ಲುತ್ತ ಆ ಹಾಡಿಗೆ ತಲೆದೂಗಿದವನೂ ಅವನೇ. ಮೊದಲ ದಿನವೇ ಏಕೆ ಬಾಯಿ ಬಿಡಲಿಲ್ಲ? ಕಣ್ಣು ಮುಚ್ಚಿಕೊಂಡಿದ್ದವನು ಅವನು, ದಂಡ ಅವಳಿಗೆ!

ಸಾಹುಕಾರನ ಮನೆಯ ಕಟ್ಟೆಯ ಮೇಲೆ ಪಂಚಾಯ್ತಿ ಸೇರಿತು. ನಿಂಬೆವ್ವ ಒಬ್ಬಳೇ ಬರಲಿಲ್ಲ. ಓಣಿಯ ಹೆಂಗಸರು ಗುರವ್ವನನ್ನು ಮಲಗಿದ್ದ ಹೊರಸಿನ ಸಮೇತ ಹೊತ್ತು ತಂದರು.

"ದಾರಿ ಬಿಡ್ರಿ, ಪಲ್ಲಕ್ಕಿ ಬಂತು!" ಕೂಗಿದವಳು ಗುರವ್ವನೇ.

ಕಾರಕೂನ "ಕಳ್ಳಿ" ಎಂದದ್ದು ಆಗ. ಆ ಮಾತಿಗೆ ಒಳಗಿದ್ದ ಸಾಹುಕಾರನ ಹೆಂಡತಿ ಹೊಸ್ತಿಲು ದಾಟಿ ಬಂದು ಗಂಡನ ಮುಂದೆ ನಿಂತಳು.

"ನಮ್ಮ ಮೊಮ್ಮಗನ ತೊಟ್ಟಲದಾಗ ಇಕಿಗೆ ಉಡಿ ತುಂಬಿದಾಕಿ ನಾನು. ಅದು ಕೂಲಿ ಆದ್ರ, ಈ ಮನಿಗೆ ನಾ ಬಂದ ದಿನ ನಿಮ್ಮವ್ವ ನನಗ ತುಂಬಿದ್ದೂ ಕೂಲೀನ ಏನ್ರಿ? ಹಂಗಿದ್ರ ಇಷ್ಟು ವರ್ಷದ ನನ್ನ ಬಾಕಿ ಬಾಳ ಐತಿ. ಇಡ್ರಿ ಇಲ್ಲೆ!"

ಕಟ್ಟೆಗೆ ಕಟ್ಟೆಯೇ ನಕ್ಕಿತು. ಸಾಹುಕಾರ ಮೀಸೆ ಒರೆಸಿಕೊಂಡ. "ಆತು, ಹಳೇ ಜ್ವಾಳ ಮಾಫ್. ತಿಂಗಳ ಜ್ವಾಳನೂ ನಡೀಲಿ. ಆದ್ರ ನಿಂಬೆವ್ವಾ, ತಪ್ಪಾತು ಅನ್ನು. ಇನ್ನ ಮ್ಯಾಲೆ ಹಾಡಬ್ಯಾಡ."

ತಡೆಯಿರಿ, ಅವಳೇನೆಂದಳು ಹೇಳುತ್ತೇನೆ. ಮೊದಲು ನಿಮಗೊಂದು ಮಾತು. ಇಂದು ಸಾಹುಕಾರನ ಜಾಗದಲ್ಲಿ ಸರಕಾರ ಕೂತಿದೆ, ಜೋಳದ ಜಾಗದಲ್ಲಿ ಭತ್ಯೆ ಬಂದಿದೆ. ಕಾರಕೂನ ಮಾತ್ರ ಹಾಗೆಯೇ ಇದ್ದಾನೆ! ಕಚೇರಿಯಲ್ಲಿ ಕೂತವರೇ, ಭತ್ಯೆ ಹೆಚ್ಚು ಹೋಗಿದೆಯೆಂದು ತಿಳಿದ ದಿನವೇ ಹೇಳಿ. ವರ್ಷಗಟ್ಟಲೆ ಬಾಕಿ ಬೆಳೆಯಲು ಬಿಟ್ಟು ಕುತ್ತಿಗೆಗೆ ಕಟ್ಟಬೇಡಿ. ಓಣಿಯಲ್ಲಿ ಕೂತವರೇ, "ಪುಕ್ಕಟೆ ತಿಂತಾಳ" ಎನ್ನುವ ನಾಲಿಗೆಯನ್ನು ಇವತ್ತೇ ತೊಳೆದುಕೊಳ್ಳಿ. ನಿಮ್ಮ ಗೋಡೆಯ ಆಚೆಯೂ ಯಾರೋ ಒಬ್ಬಳು ಹಾಸಿಗೆ ಹಿಡಿದವರನ್ನು ಹೊರಳಿಸುತ್ತಿದ್ದಾಳೆ. ನಾಳೆ ಹೋಗಿ, "ನಾ ಇಲ್ಲಿ ಕೂತಿರ್ತೀನಿ, ನೀ ಒಂದು ತಾಸು ಹೊರಗ ಹೋಗಿ ಬಾ" ಅನ್ನಿ. ಅವಳು ಹಾಡಲು ಹೋದರೂ ಸರಿ, ಸುಮ್ಮನೆ ಗಾಳಿಗೆ ಹೋದರೂ ಸರಿ. ಎಲ್ಲಿಗೆ ಎಂದು ಕೇಳಬೇಡಿ.

ಈಗ ನಿಂಬೆವ್ವ. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

"ತಪ್ಪು ಮಾಡಿದವ್ರು ಅನ್ಲಿ ಯಪ್ಪಾ. ನಾ ಅನ್ನಂಗಿಲ್ಲ. ಹಾಡೂದೂ ಬಿಡಂಗಿಲ್ಲ." ಹೊರಸಿನ ಕಡೆ ತಿರುಗಿದಳು. "ಎತ್ತವಾ ಗುರವ್ವಾ, ಮೊದಲ ಸೊಲ್ಲು ನಿಂದು."

ಗುರವ್ವ ಮಲಗಿದಲ್ಲಿಂದಲೇ ಸೋಬಾನೆ ಎತ್ತಿದಳು.