ಒಂದೇ ಪಾಸ್

ತೀವ್ರ ನಿಗಾ ಘಟಕಕ್ಕೆ ರೋಗಿಯೊಬ್ಬರಿಗೆ ಒಂದೇ ಪಾಸ್. ನನ್ನ ಪಕ್ಕ ಕುಳಿತಿದ್ದ ಹೆಂಗಸು ತನ್ನ ಪಾಸನ್ನು ಮುಷ್ಟಿಯಲ್ಲಿ ಬಿಗಿ ಹಿಡಿದಿದ್ದಳು. ಅವಳ ತಂಗಿ ಗೋಗರೆಯುತ್ತಿದ್ದಳು.

“ಅಕ್ಕಾ, ಪಾಸ್ಟರ್ ಬಾಗಿಲಲ್ಲೇ ನಿಂತಿದಾರೆ, ಪಾಸ್ ಕೊಡೇ. ಒಳಗೆ ಭಾವ ಸಾಯೋ ಮುಂಚೆ ತಮ್ಮ ಪಾಪಗಳನ್ನ ಒಪ್ಕೊಂಡು ಪ್ರಾರ್ಥನೆ ಮಾಡಿಸ್ಕೋಬೇಕಂತೆ.”

“ದೇವರು ಆರಿಸ್ಕೊಂಡೋರಿಗೆ ಅದೆಲ್ಲ ಬೇಕಾಗಲ್ಲ.”

“ಯಾರು ಹೇಳಿದ್ದು?”

“ನಿನ್ನ ಭಾವನೇ. ನನ್ನ ಕೂಸು ಕೊನೇ ಉಸಿರು ಎಳೀತಿದ್ದಾಗ ಪಾಸ್ಟರನ್ನ ಕರೀರಿ ಅಂತ ಕಾಲು ಹಿಡಿದೆ. ದೇವರು ಆರಿಸ್ಕೊಂಡಿದ್ರೆ ಆತ್ಮಕ್ಕೆ ರಕ್ಷಣೆ ಸಿಕ್ಕೇ ಸಿಗುತ್ತೆ, ಇಲ್ದಿದ್ರೆ ಯಾರು ಬಂದ್ರೂ ಅಷ್ಟೇ ಅಂದ್ರು.”

“ಈಗ ಹೆದರಿದಾರೆ ಕಣೇ. ರಕ್ಷಣೆ ಎಲ್ಲರಿಗೂ ತಾನೇ?”

“ನನ್ನ ಕೂಸಿಗೂ ತಾನೇ?”

ಭೇಟಿಯ ಹೊತ್ತು ಮುಗಿಯಿತೆಂದು ಕಾವಲುಗಾರ ಬಾಗಿಲು ಹಾಕಿದ. ಆಗ ಅಕ್ಕ ಎದ್ದು ಹೋಗಿ, ಪಾಸನ್ನು ಪಾಸ್ಟರ ಕೈಗಿಟ್ಟಳು.

“ತಗೊಳ್ಳಿ. ಅವರನ್ನ ಆರಿಸ್ಕೊಂಡಿದ್ರೆ ಬಾಗಿಲು ತಾನಾಗೇ ತೆರ್ಕೊಳ್ಳುತ್ತೆ.”

ಮೆಟ್ಟಿಲಿಳಿದು ಹೋದಳು. ತಂಗಿ ಹಿಂದೆಯೇ ಓಡಿದಳು.