ಹೊಗೆ ಕಾಣದ ಹನ್ನೊಂದು ದೋಣಿಗಳು

ಇಷ್ಟು ಹೊತ್ತು ನನ್ನ ಹೊಗಳಿಕೆಯನ್ನೆಲ್ಲ ತಾಳ್ಮೆಯಿಂದ ಕೇಳಿದ ಮಾನ್ಯ ಅಧ್ಯಕ್ಷರೇ, ಪ್ರಮಾಣಪತ್ರ ಕೊಡಲೆಂದೇ ದಯಮಾಡಿಸಿರುವ ತಪಾಸಣಾ ಇಲಾಖೆಯ ಮುಖ್ಯಸ್ಥರೇ, ನಮ್ಮ ಜಲಸಾರಿಗೆ ಕಂಪನಿಯ ಚಾಲಕ ಮಿತ್ರರೇ, ಎಂಜಿನ್ ಕೋಣೆಯ ಬಂಧುಗಳೇ, ಅವರ ಮನೆಯವರೇ, ಸಭಿಕರೇ,

ನನಗೆ ಮಾತು ಬರುವುದಿಲ್ಲ. ಮೂವತ್ತೊಂದು ವರ್ಷ ಫಿಟ್ಟರ್ ಆಗಿದ್ದವನು. ಎಂಜಿನ್ ಹೇಳಿದ ಮಾತು ಕೇಳದಿದ್ದರೆ ಸುತ್ತಿಗೆಯಲ್ಲಿ ಮೆಲ್ಲಗೊಂದು ತಟ್ಟಿ ಅಭ್ಯಾಸ. ಸಭೆಗೆ ಹಾಗೆ ಮಾಡುವಂತಿಲ್ಲ. ಅದಕ್ಕೇ ಒಂದು ಚೀಟಿ ಬರೆದುಕೊಂಡು ಬಂದಿದ್ದೇನೆ.

ಈ ಜಲಮಾರ್ಗದಲ್ಲಿ ಹೊಗೆಯ ನಿಯಮವನ್ನು ಪೂರ್ತಿ ಪಾಲಿಸಿದ ಮೊದಲ ಕಂಪನಿ ನಮ್ಮದು, ಹನ್ನೊಂದು ಸರಕು ದೋಣಿಗಳೂ ಪಾಸು, ಅದಕ್ಕೆಲ್ಲ ಕಾರಣ ನಾನು ಎಂದು ಸ್ವಾಗತ ಕೋರಿದವರು ಹೇಳಿದರು. ನಿಜ. ಕಾರಣ ನಾನೇ.

ಹಿಂದೆ ನಮ್ಮ ದೋಣಿ ಹಾದುಹೋದರೆ ದಂಡೆಯ ಮನೆಗಳವರು ಒಣಹಾಕಿದ ಬಟ್ಟೆಯ ಮೇಲೆ ಮಸಿ ಕೂರುತ್ತಿತ್ತು. ಅವರು ಬೈದರು, ನಿಯಮ ಬಂತು, ಒಳ್ಳೆಯದೇ ಆಯಿತು. ಹೊಗೆಕೊಳವೆಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಕೂರಿಸಿದೆವು. ಅದರ ಗುಣ ಏನೆಂದರೆ, ಹಿಡಿದ ಮಸಿ ಅದರೊಳಗೇ ಸುಟ್ಟುಹೋಗಬೇಕು. ಸುಡಬೇಕಾದರೆ ಎಂಜಿನ್ ಚೆನ್ನಾಗಿ ಕಾಯಬೇಕು. ಕಾಯಬೇಕಾದರೆ ದೋಣಿ ಜೋರಾಗಿ ಓಡಬೇಕು. ಜೋರಾಗಿ ಓಡಿದರೆ ಅಲೆ ಎದ್ದು ಕಾಲುವೆಯ ದಂಡೆ ಕುಸಿಯುತ್ತದೆ, ಓಡಬೇಡಿ ಎಂದು ಇನ್ನೊಂದು ನಿಯಮ! ಅತ್ತ ದರಿ, ಇತ್ತ ಪುಲಿ. ಮೊದಲ ತಿಂಗಳಲ್ಲೇ ಮೂರು ಸಲ ಫಿಲ್ಟರ್‌ನಲ್ಲಿ ಮಸಿ ಕಟ್ಟಿಕೊಂಡು ದೋಣಿ ನಡುನೀರಲ್ಲಿ ನಿಂತಿತು.

ಏನು ಮಾಡಬೇಕಿತ್ತು? ವಾರಕ್ಕೊಮ್ಮೆ ದೋಣಿ ಕಟ್ಟಿಹಾಕಿ, ಫಿಲ್ಟರ್ ಬಿಚ್ಚಿ ಶುಚಿ ಮಾಡಬೇಕಿತ್ತು. ಒಂದು ಇಡೀ ದಿನದ ಕೆಲಸ. ಆ ದಿನವನ್ನು ಕಂಪನಿ ಕೊಡುತ್ತಿರಲಿಲ್ಲ ಎಂದು ಹೇಳಲಾರೆ. ನಾನು ಕೇಳಲೇ ಇಲ್ಲ. ಕೇಳುವ ಬದಲು ಬುದ್ಧಿ ಓಡಿಸಿದೆ. ಫಿಲ್ಟರ್‌ಗಿಂತ ಮುಂಚೆ, ಕೊಳವೆಗೆ ಅಂಗೈ ಅಗಲದ ಒಂದು ಮುಚ್ಚಳ, ಅದಕ್ಕೊಂದು ಸ್ಪ್ರಿಂಗ್. ಒತ್ತಡ ಹೆಚ್ಚಾದರೆ ತಾನೇ ತೆರೆದುಕೊಳ್ಳುತ್ತದೆ. ತಪಾಸಣೆಯವರು ಅಳೆಯುವುದು ಕೊಳವೆಯ ತುದಿಯಲ್ಲಿ. ಅಲ್ಲಿ ಗಾಳಿ ಸ್ವಚ್ಛ. ಮುಖ್ಯಸ್ಥರು ಪೆನ್ನು ತೆಗೆಯುತ್ತಿದ್ದಾರೆ. ಬರೆದುಕೊಳ್ಳಿ ಸ್ವಾಮಿ, ಇದು ನನ್ನ ಚೀಟಿಯಲ್ಲಿ ಇರಲಿಲ್ಲ.

ಹಾಗಾದರೆ ಆ ಹೊಗೆ ಎಲ್ಲಿ ಹೋಯಿತು? ಎಂಜಿನ್ ಕೋಣೆಗೆ ಹೋಯಿತು. ಮೊದಲು ಮುಚ್ಚಳ ಹಾಕಿದ ದೋಣಿಯ ಎಂಜಿನ್ ಕೋಣೆಯಲ್ಲಿ ಯಾರಿದ್ದರು? ನಮ್ಮ ಭಾವ ಇದ್ದರು. ನನ್ನ ಸ್ವಂತ ಅಕ್ಕನ ಗಂಡ.

ಭಾವನಿಗೆ ಮೊದಲ ದಿನವೇ ಗೊತ್ತಾಯಿತು. "ಏನಯ್ಯಾ, ಊರವರ ಬಟ್ಟೆ ಬೆಳ್ಳಗಿರೋಕೆ ನನ್ನ ಮೂಗೇ ಬೇಕಿತ್ತಾ?" ಅಂದರು. "ಸ್ವಲ್ಪ ದಿನ ಭಾವ, ಆಮೇಲೆ ಸರಿ ಮಾಡ್ತೀನಿ" ಅಂದೆ. ಆ ಸ್ವಲ್ಪ ದಿನ ನಾಲ್ಕು ವರ್ಷವಾಯಿತು. ಮುಚ್ಚಳ ಹನ್ನೊಂದು ದೋಣಿಗೂ ಬಂತು. ಉಳಿದವರೂ ಕೆಮ್ಮಿದಿರಿ, ಆದರೆ ಹೆಡ್ ಫಿಟ್ಟರ್ ಮಾಡಿದ್ದು ಅಂದ ಮೇಲೆ ಸರಿಯಾಗೇ ಇರುತ್ತದೆ ಅಂದುಕೊಂಡಿರಿ. ನಾನೂ ಹಾಗೇ ಅಂದುಕೊಂಡೆ.

ಈಗ ಭಾವ ಆಸ್ಪತ್ರೆಯಲ್ಲಿದ್ದಾರೆ. ಸೇರಿಸಿದ ದಿನ ಡಾಕ್ಟರು ಎದೆಯ ಫೋಟೋ ಬೆಳಕಿಗೆ ಹಿಡಿದು ಕೇಳಿದರು: "ಸಿಗರೇಟು ಎಷ್ಟು ವರ್ಷದಿಂದ?" ಭಾವ ನನ್ನ ಮುಖ ನೋಡಿದರು. ನಾನು ಕಿಟಕಿ ನೋಡಿದೆ. ಭಾವ ಹೇಳಿದರು: "ತುಂಬಾ ವರ್ಷದಿಂದ ಡಾಕ್ಟ್ರೇ. ಕೆಲಸದ ಜಾಗದಲ್ಲಿ ಮಾತ್ರ."

ಫ್ಲಾಸ್ಕ್ ಹಿಡಿದು ಅಕ್ಕ ಅಲ್ಲೇ ನಿಂತಿದ್ದಳು. ನಮ್ಮಪ್ಪ ಸಿಗರೇಟು ಸೇದಿ ಸೇದಿಯೇ ಸತ್ತಿದ್ದು; ಅವರ ಕಫದ ಬಟ್ಟಲು ತೊಳೆದವಳು ಅವಳೇ. ಮದುವೆಯ ಮಾತುಕತೆಯಲ್ಲಿ ಭಾವನನ್ನು ನೇರವಾಗಿ ಕೇಳಿದ್ದಳು: "ಸೇದೋದಾದ್ರೆ ಈಗ್ಲೇ ಹೇಳಿ, ನಾನು ಎದ್ದು ಹೋಗ್ತೀನಿ." ಅವರು "ಬೆಂಕಿಪೊಟ್ಟಣ ಕೂಡ ಮುಟ್ಟಲ್ಲ" ಅಂದಿದ್ದರು. ಮುಟ್ಟಲೂ ಇಲ್ಲ. ಆದರೆ ಆಸ್ಪತ್ರೆಯಲ್ಲಿ ಅಕ್ಕ ಫ್ಲಾಸ್ಕ್ ಕೆಳಗಿಟ್ಟಳು. "ಇಪ್ಪತ್ತಾರು ವರ್ಷ ನನ್ನ ಕಣ್ಣಿಗೆ ಮಣ್ಣೆರಚಿದ್ರಲ್ಲಾ" ಅಂದು ಹೊರಟುಹೋದಳು. ಹತ್ತೊಂಬತ್ತು ದಿನವಾಯಿತು, ಆ ಕಡೆ ತಿರುಗಿ ನೋಡಿಲ್ಲ.

"ಯಾಕೆ ಹಾಗೆ ಹೇಳಿದ್ರಿ ಭಾವ?" ಅಂತ ಕೇಳಿದೆ. "ನಿಜ ಹೇಳಿದ್ರೆ ಡಾಕ್ಟ್ರು ಬರೀತಾರೆ, ನಿನ್ನ ಕೆಲಸ ಹೋಗುತ್ತೆ. ಅವಳ ಕೋಪ ಎಷ್ಟು ದಿನ? ಎರಡು ದಿನ. ಸುಮ್ನಿರು" ಅಂದರು. ನಾನು ಸುಮ್ಮನಿದ್ದೆ. ದಿನಾ ಊಟ ತೆಗೆದುಕೊಂಡು ಹೋದಾಗ ನನ್ನ ಹಿಂದೆ ಯಾರಾದರೂ ಬಂದಿದ್ದಾರಾ ಎಂದು ಬಾಗಿ ನೋಡುತ್ತಾರೆ. ಬಾಗಿದರೆ ಉಸಿರು ಸಿಕ್ಕಿಕೊಳ್ಳುತ್ತದೆ. ಆದರೂ ನೋಡುತ್ತಾರೆ.

ನಿನ್ನೆ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, ಮನೆಯವರು ಬಂದು ಒಮ್ಮೆ ನೋಡಿಕೊಂಡು ಹೋಗಲಿ, ತಡ ಮಾಡಬೇಡಿ ಎಂದರು. ನಾನು ಏನು ಮಾಡಿದೆ ಗೊತ್ತೇ? ಮನೆಗೆ ಬಂದು ಈ ಅಂಗಿಗೆ ಇಸ್ತ್ರಿ ಹಾಕಿದೆ. ಅಕ್ಕನಿಗೆ ಹೇಳಲಿಲ್ಲ. ಒಂದು ಹೇಳಿದರೆ ಇನ್ನೊಂದನ್ನೂ ಹೇಳಬೇಕಲ್ಲ ಎಂಬ ಭಯ. ನನ್ನಷ್ಟು ಹೇಡಿ ಈ ಸಭೆಯಲ್ಲಿ ಇನ್ನೊಬ್ಬನಿಲ್ಲ.

ಇವತ್ತೂ ಹೇಳುತ್ತಿರಲಿಲ್ಲ. ಆದರೆ ಆಗ ನನ್ನ ಹೆಸರು ಕೂಗಿದಾಗ ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದವಳು ಮೂರನೇ ಸಾಲಿನಲ್ಲಿರುವ ನಮ್ಮಕ್ಕ. ಗಂಡನ ಮೇಲೆ ಅಷ್ಟು ನೊಂದುಕೊಂಡೂ, ತಮ್ಮನಿಗೆ ಸನ್ಮಾನ ಅಂತ ಬಂದಿದ್ದಾಳೆ.

ಅಕ್ಕಾ, ಭಾವ ಒಂದು ದಿನವೂ ಸಿಗರೇಟು ಸೇದಲಿಲ್ಲ. ಅವರ ಎದೆಯಲ್ಲಿರುವುದು ನಾನು ಬಿಟ್ಟ ಹೊಗೆ.

ಅಧ್ಯಕ್ಷರೇ, ಈ ಫಲಕ ನನಗೆ ಬೇಡ, ಮೇಜಿನ ಮೇಲೆ ಇಡುತ್ತೇನೆ. ಎಂಜಿನ್ ಕೋಣೆಯವರೇ, ಮುಚ್ಚಳಗಳನ್ನು ತೆಗೆದು ಕೊಳವೆ ಬೆಸೆಯುವವರೆಗೆ ಯಾರೂ ಕೆಳಗಿಳಿಯಬೇಡಿ. ದೋಣಿ ನಿಂತರೆ ನಿಲ್ಲಲಿ. ಮುಖ್ಯಸ್ಥರೇ, ನಿಮ್ಮ ಕ್ರಮ ಏನಿದ್ದರೂ ನಾನು ಎಲ್ಲಿಗೂ ಓಡಿಹೋಗುವುದಿಲ್ಲ.

ಅಕ್ಕ ಎದ್ದಿದ್ದಾಳೆ. ನನ್ನ ಕಡೆ ನೋಡುತ್ತಿಲ್ಲ. ನೋಡಬೇಡ ಅಕ್ಕಾ, ಹೋಗು. ಏಳು ಗಂಟೆವರೆಗೆ ಒಳಗೆ ಬಿಡುತ್ತಾರೆ. ಎರಡನೇ ಮಹಡಿ, ಕೊನೆಯ ಮಂಚ.

ಮೂರನೇ ಸಾಲಿನವರು ಸ್ವಲ್ಪ ಕಾಲು ಒಳಗೆ ತೆಗೆದುಕೊಳ್ಳಿ, ಅವಳಿಗೆ ದಾರಿ ಬಿಡಿ. ಇಷ್ಟು ಹೊತ್ತು ಕೇಳಿಸಿಕೊಂಡಿರಿ, ನಿಮಗೆಲ್ಲ ಋಣಿ. ನಮಸ್ಕಾರ.