ಒಂದೇ ಮೇವು, ಎರಡು ಕೊಬ್ಬು

ಸಂಘದ ಅಧ್ಯಕ್ಷರಾದ ಕಮಲಾಕ್ಷರೇ, ವೇದಿಕೆಯ ಮೇಲಿನ ಗಣ್ಯರೇ, ಶುಕ್ರವಾರದ ರಜೆಯ ನಿದ್ದೆ ಬಿಟ್ಟು ಖೈತಾನಿನ ಈ ಸಭಾಂಗಣ ತುಂಬಿಸಿದ ಸಭಿಕರೇ,

ಇವತ್ತು ನಾವು ಸನ್ಮಾನಿಸುತ್ತಿರುವ ಡಾಕ್ಟರ್ ಫ್ರೀಡಾ ನನ್ನ ತಮ್ಮ ಹರ್ಬರ್ಟನ ಮಗಳು. ದನದ ಮಾಂಸದಲ್ಲಿರುವ ಕೊಬ್ಬಿನ ಗುಣ ವಂಶದಿಂದ ಎಷ್ಟು ಬರುತ್ತದೆ ಎಂಬುದರ ಮೇಲೆ ಪಿಎಚ್‌ಡಿ ಮಾಡಿದ್ದಾಳೆ. ಅಧ್ಯಕ್ಷರು ಸಸ್ಯಾಹಾರಿಗಳು, ಇನ್ನು ಹತ್ತು ನಿಮಿಷ ಅವರು ಮೂಗು ಮುಚ್ಚಿಕೊಂಡರೆ ಯಾರೂ ತಪ್ಪು ತಿಳಿಯಬಾರದು.

ಅಭಿನಂದನಾ ಭಾಷಣ ನನಗೇ ಯಾಕೆ? ಎಗೈಲಾದ ಸೂಪರ್ ಮಾರ್ಕೆಟಿನಲ್ಲಿ ಇಪ್ಪತ್ತೆರಡು ವರ್ಷ ಮಾಂಸದ ಕೌಂಟರ್ ನೋಡಿಕೊಂಡ ಕಜೆಟನ್ ನಾನು. ಕೊಬ್ಬನ್ನು ಹೆಬ್ಬೆರಳಿನಿಂದ ಒತ್ತಿ ನೋಡುತ್ತೇನೆ. ಗಟ್ಟಿಯಾಗಿದ್ದರೆ, "ಮೇವು ಸರಿಯಿಲ್ಲ, ಖಲಾಸ್!" ನನ್ನ ಹೆಬ್ಬೆರಳಿಗೆ ನಮ್ಮ ಅರಬಿ ಧಣಿ, ಕಫೀಲ್ ಕೂಡ ಎದುರಾಡಿದವರಲ್ಲ.

ಭಾಷಣಕ್ಕೆಂದು ಕಳೆದ ತಿಂಗಳು ಅವಳ ಪ್ರಬಂಧ ತರಿಸಿದೆ. ಅರ್ಥವಾಗದೆ ಫೋನ್ ಮಾಡಿದೆ. "ಬಾಪ್ಪು, ಸೇಮ್ ಫೀಡ್, ಒಂದೇ ಕೊಟ್ಟಿಗೆ. ಆದ್ರೂ ಒಂದರ ಕೊಬ್ಬು ಮೆತ್ತಗೆ, ಇನ್ನೊಂದರದ್ದು ಗಟ್ಟಿ. ಮೇವೂ ಬೇಕು, ಬಟ್ ತಂದೆ ತಾಯಿಯಿಂದ ಬರೋದೂ ತುಂಬ ಇದೆ," ಎಂದಳು. ಕೊನೆಗೆ, "ನೀವೂ ಡಿಯೋನೂ ಕೊಲೆಸ್ಟರಾಲ್‌ಗೆ ಬ್ಲಡ್ ಟೆಸ್ಟ್ ಮಾಡಿಸಿ, ಪ್ಲೀಸ್," ಎಂದಳು. ಡಿಯೋನ್ ನನ್ನ ಮಗ.

ಸಭಿಕರೇ, ಹರ್ಬರ್ಟ್ ಮೂವತ್ತೊಂಬತ್ತಕ್ಕೇ ಹೃದಯಾಘಾತದಿಂದ ಹೋದ. ಹದಿನಾಲ್ಕು ವರ್ಷವಾಯಿತು. ಪ್ರಾರ್ಥನೆಗೆ ಸೇರಿದವರೆಲ್ಲರ ಮುಂದೆ ನಾನು ಅವನ ಅಡುಗೆಮನೆಗೆ ನುಗ್ಗಿದೆ. ಪಾತ್ರೆಯಲ್ಲಿ ಉಳಿದ ಸಾರಿನ ಮೇಲೆ ಕೊಬ್ಬು ಹೆಪ್ಪುಗಟ್ಟಿತ್ತು. ಒತ್ತಿ ನೋಡಿದೆ. ಅವನ ಹೆಂಡತಿ ರೆಜಿನಾಳಿಗೆ, "ನಿನ್ನ ಅಡುಗೆಯೇ ನನ್ನ ತಮ್ಮನನ್ನು ಕೊಂದಿತು," ಎಂದೆ. ಅಂದಿನಿಂದ ನಾನಾಗಲಿ ಡಿಯೋನ್ ಆಗಲಿ ಆ ಮನೆಯಲ್ಲಿ ಒಂದು ಲೋಟ ನೀರು ಕುಡಿದಿಲ್ಲ. ಕ್ರಿಸ್ಮಸ್ಸಿಗೆ ಅವಳು ಕಳಿಸಿದ ಕುಸ್ವಾರ್ ತಿಂಡಿಗಳ ತಟ್ಟೆಯನ್ನು ಮುಚ್ಚಿದ ಹಾಗೆಯೇ ಹಿಂದಿರುಗಿಸಿದೆ.

ಮೊನ್ನೆ ರಿಪೋರ್ಟ್ ಬಂತು. "ಇದು ಬರೀ ಊಟದ ಕೊಬ್ಬಲ್ಲ, ನಿಮ್ಮ ಮನೆತನದ್ದು," ಎಂದರು ಡಾಕ್ಟರು. ನನ್ನದಿರಲಿ, ಇಪ್ಪತ್ನಾಲ್ಕರ ಡಿಯೋನ್‌ದು ನನಗಿಂತ ಜಾಸ್ತಿ! ರೆಜಿನಾಳ ಕೈತುತ್ತು ಮುಟ್ಟಗೊಡದೆ ಬೆಳೆಸಿದ ಮಗ!

ದೂರಿದ್ದು ಎಲ್ಲರೆದುರು. ತಪ್ಪೊಪ್ಪಿಗೆ ಮಾತ್ರ ಫೋನಿನಲ್ಲಿ ಸಾಕೇ? ರೆಜಿನಾ, ಎದ್ದು ಹೋಗಬೇಡಮ್ಮ. ಹರ್ಬರ್ಟನನ್ನು ಕೊಂದದ್ದು ನೀನಲ್ಲ.

ಅವತ್ತು ಅಡುಗೆಮನೆಯ ಬಾಗಿಲಲ್ಲಿ ಹದಿನಾಲ್ಕು ವರ್ಷದ ಫ್ರೀಡಾ ನಿಂತಿದ್ದಳು. ಲೋಕದಲ್ಲಿ ಇಷ್ಟೆಲ್ಲ ವಿಷಯಗಳಿರುವಾಗ ಇದನ್ನೇ ಯಾಕೆ ಓದಿದಳು ಎಂದು ಕೇಳುವ ಧೈರ್ಯ ನನಗೆ ಈಗಲೂ ಇಲ್ಲ.

ಇಷ್ಟು ಹೊತ್ತು ಸಹಿಸಿಕೊಂಡ ನಿಮಗೆಲ್ಲ ಧನ್ಯವಾದ, ನಮಸ್ಕಾರ.